ಬಿಸಿಯಾಗದ ಪೆಟ್ಟಿಗೆ

ನಮ್ಮ ಮನೆಯ ಜಗುಲಿಯ ಕಪಾಟಿನ ಮೇಲೆ 1986ರಿಂದಲೂ ಒಂದು ಆಂಪ್ಲಿಫೈಯರ್ ಕುಳಿತಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಎರಡು ದಿನ ಸುತ್ತಿ, ಟ್ರಾನ್ಸ್‌ಫಾರ್ಮರ್, 2ಎನ್3055 ಟ್ರಾನ್ಸಿಸ್ಟರುಗಳು, ಅಲ್ಯೂಮಿನಿಯಮ್ಮಿನ ಹೀಟ್ ಸಿಂಕ್ ಇತ್ಯಾದಿಗಳನ್ನು ಕೊಂಡು ತಂದು, ಬೇಸಿಗೆಯ ರಜೆಯಲ್ಲಿ ನಾನೇ ಕೈಯಾರೆ ಜೋಡಿಸಿದ್ದು. ಊರಿನ ಬಡಗಿ ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಕೊಟ್ಟಿದ್ದ. ತೂಕ ಒಂಬತ್ತು ಕಿಲೋ. ಮಲೆನಾಡಿನ ಮಳೆಗಾಲದಲ್ಲಿ ನಮ್ಮ ಬೆಕ್ಕು ಮಲಗುವುದು ಒಲೆಯ ಕಟ್ಟೆಯ ಮೇಲಲ್ಲ, ಈ ಪೆಟ್ಟಿಗೆಯ ಮೇಲೆ. ಹಾಡುತ್ತಿರಲಿ, ಸುಮ್ಮನಿರಲಿ, ಅದು ಸದಾ ಬೆಚ್ಚಗಿರುತ್ತದೆ.

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಇಂಜಿನಿಯರಾಗಿ ದುಡಿದು ಈಗ ತಾನೇ ನಿವೃತ್ತಿಯ ಅಂಚಿನಲ್ಲಿರುವವನು. ಕಾಫಿ ಕುಡಿದಾದ ಮೇಲೆ ಚೀಲದಿಂದ ಅಂಗೈಯಗಲದ ಒಂದು ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು, "ಸರ್, ಇದೂ ಆಂಪ್ಲಿಫೈಯರೇ. ನಿಮ್ಮದಕ್ಕಿಂತ ಶಕ್ತಿ ಹೆಚ್ಚು. ಮುಟ್ಟಿ ನೋಡಿ, ಬಿಸಿಯಾಗುವುದಿಲ್ಲ" ಎಂದ. ಆ ಮಾತು ನನ್ನನ್ನು ನಾಲ್ಕು ದಶಕಗಳಷ್ಟು ಹಿಂದಕ್ಕೆ ಎಳೆದೊಯ್ದಿತು. ಈ ಹುಡುಗನಿಗೆ ನಾನು ಒಂದು ಉತ್ತರ ಬಾಕಿ ಉಳಿಸಿಕೊಂಡಿದ್ದೆ.

1983ರ ಶಾಲಾ ವಾರ್ಷಿಕೋತ್ಸವ. ನಮ್ಮ ಊರಿನಲ್ಲಿ ಕರೆಂಟು ಇದ್ದರೂ ಇಲ್ಲದಂತಿದ್ದ ಕಾಲ. ಬ್ಯಾಟರಿಯಿಂದ ನಡೆಯುವ ಆಂಪ್ಲಿಫೈಯರನ್ನು ಬಾಡಿಗೆಗೆ ತಂದು, ಪರಿಚಯದವರ ಜೀಪಿನಿಂದ ಹಳೆಯ ಬ್ಯಾಟರಿಯೊಂದನ್ನು ಕಳಚಿ ತಂದಿದ್ದೆವು. ಮಧ್ಯಾಹ್ನದಿಂದಲೇ ಹಾರ್ನಿನಲ್ಲಿ ಹಾಡುಗಳು ಮೊಳಗಿದವು. ಸಂಜೆ ನಾಟಕದ ನಡುವೆ ದನಿ ಒಡೆಯತೊಡಗಿತು. ಸ್ವಲ್ಪ ಹೊತ್ತಿಗೆ ಪೂರ್ತಿ ನಿಂತಿತು. ಹಿಂದೆ ಕೈಯಿಟ್ಟು ನೋಡಿದರೆ ಹೀಟ್ ಸಿಂಕ್ ಕಾದ ಕಾವಲಿಯಂತೆ ಸುಡುತ್ತಿತ್ತು.

ಮರುದಿನ ಹತ್ತನೆಯ ತರಗತಿಯಲ್ಲಿ ಅದನ್ನೇ ಪಾಠವಾಗಿಸಿದೆ. ಟ್ರಾನ್ಸಿಸ್ಟರಿನಲ್ಲಿ ವ್ಯರ್ಥವಾಗುವ ಶಾಖವೆಂದರೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜು ಮತ್ತು ಅದರ ಮೂಲಕ ಹರಿಯುವ ವಿದ್ಯುತ್ಪ್ರವಾಹ, ಇವೆರಡರ ಗುಣಲಬ್ಧ. ಪೂರ್ತಿ ಆರಿಸಿದಾಗ ಪ್ರವಾಹ ಸೊನ್ನೆ. ಪೂರ್ತಿ ಹಾಕಿದಾಗ ವೋಲ್ಟೇಜು ಬಹುತೇಕ ಸೊನ್ನೆ. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಅರ್ಧಂಬರ್ಧ ತೆರೆದಿಟ್ಟಾಗ ಮಾತ್ರ ಎರಡೂ ಇರುತ್ತವೆ, ಬಿಸಿ ಹುಟ್ಟುತ್ತದೆ. ಕರಿಹಲಗೆಯ ಮೇಲೆ ಇಷ್ಟನ್ನು ಬರೆದು ತಿರುಗಿದಾಗ ಕೊನೆಯ ಬೆಂಚಿನಿಂದ ಈ ಹುಡುಗ ಎದ್ದು ನಿಂತ. "ಸರ್, ಹಾಗಾದರೆ ಹಾಡನ್ನೂ ಪೂರ್ತಿ ಹಾಕಿ, ಪೂರ್ತಿ ಆರಿಸಿ, ಬೇಗ ಬೇಗ ಹಾಗೆ ಮಾಡುತ್ತಲೇ ಕಳಿಸಿದರೆ ಬ್ಯಾಟರಿ ಉಳಿಯುವುದಿಲ್ಲವೇ?"

ನಾನು ನಕ್ಕೆ. "ಸಂಗೀತವೇನು ದೀಪವೇನಯ್ಯಾ, ಹಾಕಿ ಆರಿಸುವುದಕ್ಕೆ? ಕತ್ತರಿಸಿದ ಮೇಲೆ ದನಿ ಎಲ್ಲಿ ಉಳಿಯುತ್ತದೆ?" ಎಂದೆ. ತರಗತಿಯೇ ನಕ್ಕಿತು. ಹುಡುಗ ಕುಳಿತ.

ಅವನು ಕೇಳಿದ್ದೇ ಇಂದು ಕ್ಲಾಸ್ ಡಿ ಎಂದು ಕರೆಯಲ್ಪಡುವ ಆಂಪ್ಲಿಫೈಯರಿನ ಮೂಲತತ್ತ್ವ. ಇದನ್ನು ಅರಿಯಲು ಹಳೆಯ ಪದ್ಧತಿಯನ್ನು ಮೊದಲು ನೋಡಬೇಕು. ಕ್ಲಾಸ್ ಎ ಎಂಬುದರಲ್ಲಿ ಟ್ರಾನ್ಸಿಸ್ಟರು ಸದಾ ಅರ್ಧ ತೆರೆದ ಸ್ಥಿತಿಯಲ್ಲಿದ್ದು, ಸಂಗೀತದ ಏರಿಳಿತಕ್ಕೆ ತಕ್ಕಂತೆ ಒಂದಿಷ್ಟು ಹೆಚ್ಚು, ಒಂದಿಷ್ಟು ಕಡಿಮೆ ತೆರೆದುಕೊಳ್ಳುತ್ತದೆ. ನಾದ ಶುದ್ಧ, ಖರ್ಚು ವಿಪರೀತ. ಎರಡು ಟ್ರಾನ್ಸಿಸ್ಟರುಗಳ ಜೋಡಿಯನ್ನಿಟ್ಟರೂ 50 ವಾಟ್ ಪಡೆಯಲು ಕನಿಷ್ಠ 100 ವಾಟ್ ಸುರಿಯಬೇಕು. ಹಾಡು ನಿಂತಾಗಲೂ ಆ 100 ವಾಟ್ ಶಾಖವಾಗಿ ಹೋಗುತ್ತಲೇ ಇರುತ್ತದೆ. ಕ್ಲಾಸ್ ಬಿಯಲ್ಲಿ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರು, ಕೆಳಗಿನರ್ಧವನ್ನು ಇನ್ನೊಂದು ಹೊರುತ್ತವೆ. ಆದರೆ ಸಿಲಿಕಾನ್ ಟ್ರಾನ್ಸಿಸ್ಟರು ಎಚ್ಚರಗೊಳ್ಳಲು ಸುಮಾರು 0.6 ವೋಲ್ಟ್ ಬೇಕು. ಹೀಗಾಗಿ ಎರಡು ಅರ್ಧಗಳು ಸೇರುವಲ್ಲಿ ಒಂದು ಸಣ್ಣ ಕೊಂಕು ಉಳಿಯುತ್ತದೆ. ಮೆಲುದನಿಯ ಸಂಗೀತದಲ್ಲಿ ಅದು ಕಿವಿಗೆ ಚುಚ್ಚುತ್ತದೆ. ಅದನ್ನು ನಿವಾರಿಸಲು ಎರಡನ್ನೂ ಸದಾ ತುಸು ಎಚ್ಚರವಾಗಿಡುವ ಉಪಾಯವೇ ಕ್ಲಾಸ್ ಎಬಿ. ನನ್ನ ಹಲಸಿನ ಪೆಟ್ಟಿಗೆ ಇದೇ ಜಾತಿಯದು. ಬೆಕ್ಕಿಗೆ ದೊರೆಯುವ ಬೆಚ್ಚನೆಯ ಹಾಸಿಗೆಗೆ ಈ ಎಚ್ಚರವೂ ಒಂದು ಕಾರಣ.

ಕ್ಲಾಸ್ ಬಿಯ ದಕ್ಷತೆ ಪುಸ್ತಕದಲ್ಲಿ ಶೇಕಡಾ 78.5. ಅದು ಪೂರ್ಣ ಶಕ್ತಿಯಲ್ಲಿ, ಆದರ್ಶ ಸ್ಥಿತಿಯಲ್ಲಿ ಮಾತ್ರ. ಮನೆಯಲ್ಲಿ ನಾವು ಹಾಡು ಕೇಳುವುದು ಹೆಚ್ಚೆಂದರೆ ಒಂದೆರಡು ವಾಟ್‌ಗಳಲ್ಲಿ. 50 ವಾಟಿನ ಆಂಪ್ಲಿಫೈಯರಿನಿಂದ ಒಂದು ವಾಟ್ ಪಡೆಯುವಾಗ ಅದೇ ಸೂತ್ರದ ಪ್ರಕಾರ ದಕ್ಷತೆ ಶೇಕಡಾ 11ಕ್ಕೆ ಇಳಿಯುತ್ತದೆ. ಒಂದು ಸೇರು ಹಾಲಿಗಾಗಿ ಒಂಬತ್ತು ಸೇರು ಕರೆದು, ಎಂಟನ್ನು ಚೆಲ್ಲಿದಂತೆ.

ಕ್ಲಾಸ್ ಡಿಯ ರೀತಿಯೇ ಬೇರೆ. ಸಂಗೀತದ ಅಲೆಯನ್ನು ಒಂದು ಅತಿವೇಗದ ತ್ರಿಕೋನ ಅಲೆಯೊಡನೆ ಕ್ಷಣಕ್ಷಣವೂ ಹೋಲಿಸುತ್ತಾರೆ. ಸಂಗೀತ ಮೇಲಿದ್ದರೆ ಸ್ವಿಚ್ ಪೂರ್ತಿ ಹಾಕು. ಕೆಳಗಿದ್ದರೆ ಪೂರ್ತಿ ಆರಿಸು. ದನಿ ಏರಿದಂತೆ ಹಾಕಿದ ಅವಧಿ ಅಗಲವಾಗುತ್ತದೆ, ಇಳಿದಂತೆ ಕಿರಿದಾಗುತ್ತದೆ. ಶಿಷ್ಯ ತಂದ ಪಟ್ಟಿಯಲ್ಲಿದ್ದುದು ಟಿಪಿಎ 3116 ಎಂಬ ಚಿಪ್ಪು. ಅದರ ಸ್ವಿಚ್ ಸೆಕೆಂಡಿಗೆ 4 ಲಕ್ಷ ಬಾರಿ ಹೀಗೆ ತೆರೆದು ಮುಚ್ಚುತ್ತದೆ. ಸೆಕೆಂಡಿಗೆ 1000 ಕಂಪನಗಳ ಒಂದು ಸ್ವರವನ್ನು ತೆಗೆದುಕೊಂಡರೆ, ಅದರ ಪ್ರತಿಯೊಂದು ಅಲೆಗೂ 400 ತುಂಡುಗಳು ಸಿಕ್ಕಿದಂತಾಯಿತು. ಕೊನೆಯಲ್ಲಿ ಒಂದು ತಂತಿಸುರುಳಿ ಮತ್ತು ಒಂದು ಕೆಪಾಸಿಟರ್ ಸೇರಿ ಈ ತುಂಡುಗಳ ಸರಾಸರಿಯನ್ನು ತೆಗೆಯುತ್ತವೆ. ಕೊಡಕೊಡವಾಗಿ ತೊಟ್ಟಿಗೆ ನೀರು ಸುರಿದರೂ ಕೆಳಗಿನ ನಲ್ಲಿಯಲ್ಲಿ ನೀರು ಕಡಿಯದೆ ಹರಿಯುವುದಿಲ್ಲವೇ? ಹಾಗೆಯೇ ಸ್ಪೀಕರಿಗೆ ತಲುಪುವುದು ಮತ್ತೆ ಅಖಂಡವಾದ ಅಲೆ. ಪೂರ್ಣ ಶಕ್ತಿಯಲ್ಲಿ ದಕ್ಷತೆ ಶೇಕಡಾ 90ರ ಆಸುಪಾಸು. 50 ವಾಟ್ ಕೊಟ್ಟರೂ ಶಾಖವಾಗುವುದು ಐದಾರು ವಾಟ್. ಡಿ ಎಂದರೆ ಡಿಜಿಟಲ್ ಎಂದು ಹಲವರು ಭಾವಿಸಿದ್ದಾರೆ. ಹಾಗಲ್ಲ, ಎ, ಬಿ, ಸಿಗಳ ನಂತರದ ಅಕ್ಷರ, ಅಷ್ಟೆ.

ಈ ಆಲೋಚನೆ ಹೊಸದೇನೂ ಅಲ್ಲವೆಂದು ತಿಳಿದಾಗ ನನಗೆ ಇನ್ನಷ್ಟು ನಾಚಿಕೆಯಾಯಿತು. ಇಂಗ್ಲೆಂಡಿನಲ್ಲಿ ಕ್ಲೈವ್ ಸಿಂಕ್ಲೇರ್ 1964ರಲ್ಲಿಯೇ ಎಕ್ಸ್-10 ಎಂಬ ಇಂತಹ ಆಂಪ್ಲಿಫೈಯರಿನ ಕಿಟ್ಟನ್ನು ಮಾರಾಟಕ್ಕೆ ತಂದಿದ್ದರು. ಅಂದಿನ ಟ್ರಾನ್ಸಿಸ್ಟರುಗಳಿಗೆ ಬೇಕಾದಷ್ಟು ವೇಗವಿರಲಿಲ್ಲವಾಗಿ ಅದು ಯಶಸ್ಸು ಕಾಣಲಿಲ್ಲ. ಸ್ವಿಚ್ ನಿಧಾನವಾದರೆ ಹಾಕುವುದಕ್ಕೂ ಆರಿಸುವುದಕ್ಕೂ ನಡುವಿನ ಅರ್ಧಾವಸ್ಥೆಯಲ್ಲಿ ಮತ್ತೆ ಬಿಸಿಯೇ. ಮುಂದೆ ಮಾಸ್‌ಫೆಟ್ ಎಂಬ ವೇಗದ ಟ್ರಾನ್ಸಿಸ್ಟರುಗಳು ಬಂದ ಮೇಲೆ ದಾರಿ ಸುಗಮವಾಯಿತು. 1998ರ ಸುಮಾರಿಗೆ ಬಂದ ಟ್ರೈಪಾತ್ ಕಂಪನಿಯ ಟಿಎ 2020 ಎಂಬ ಪುಟ್ಟ ಚಿಪ್ಪು ಸಂಗೀತಪ್ರಿಯರನ್ನೂ ಒಲಿಸಿಕೊಂಡಿತು. ಇಂದು ನಿಮ್ಮ ಕಿಸೆಯ ಮೊಬೈಲಿನಲ್ಲಿ, ಗೋಡೆಯ ಟೀವಿಯಲ್ಲಿ ಹಾಡುತ್ತಿರುವುದು ಬಹುಪಾಲು ಇದೇ ವಿಧಾನ.

ಹಾಗೆಂದು ಹೊಸದು ನಿರ್ದೋಷಿಯೇನಲ್ಲ. ಮೇಲಿನ ಮತ್ತು ಕೆಳಗಿನ ಸ್ವಿಚ್ಚುಗಳೆರಡೂ ಒಟ್ಟಿಗೆ ತೆರೆದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅದಕ್ಕಾಗಿ ನಡುವೆ ಕೆಲವು ನ್ಯಾನೋಸೆಕೆಂಡುಗಳ ಬಿಡುವು ಕೊಡುತ್ತಾರೆ. ಆ ಬಿಡುವೇ ನಾದವನ್ನು ತುಸು ಕೆಡಿಸುತ್ತದೆ. ಕೊನೆಯ ಸೋಸುವ ಭಾಗವು ಸ್ಪೀಕರಿನಿಂದ ಸ್ಪೀಕರಿಗೆ ಬೇರೆ ಬೇರೆಯಾಗಿ ವರ್ತಿಸುವುದರಿಂದ ತಾರಸ್ವರಗಳಲ್ಲಿ ವ್ಯತ್ಯಾಸ ಬರಬಹುದು. ಇದಕ್ಕೆ ಮದ್ದು ಹಳೆಯದೇ: 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಕಂಡುಹಿಡಿದ, ಹೊರಬಂದುದನ್ನು ಒಳಹೋದುದರೊಡನೆ ಹೋಲಿಸಿ ತಿದ್ದಿಕೊಳ್ಳುವ ಫೀಡ್‌ಬ್ಯಾಕ್ ವಿಧಾನ. ಆ ಹೋಲಿಕೆಯನ್ನು ಸೋಸಿದ ನಂತರದ ಜಾಗದಿಂದಲೇ ಮಾಡುವ ವಿನ್ಯಾಸವನ್ನು ಬೆಲ್ಜಿಯಂನ ಬ್ರೂನೋ ಪುಟ್ಜೇಯ್ಸ್ ಫಿಲಿಪ್ಸ್ ಸಂಸ್ಥೆಯಲ್ಲಿದ್ದಾಗ ರೂಪಿಸಿದರು. ಸ್ಪೀಕರ್ ಯಾವುದಾದರೂ ನಾದ ಒಂದೇ ತೆರನಾಗಿರುವಂತೆ ಅದು ನೋಡಿಕೊಂಡಿತು.

ಮಾತು ಸಾಕು, ಕಿವಿಯೇ ಹೇಳಲಿ ಎಂದು ಅಂದೇ ಪರೀಕ್ಷೆಗೆ ಕುಳಿತೆವು. ದನಿ ತುಸು ಜೋರಾದದ್ದೇ ಚೆನ್ನಾಗಿ ಕೇಳುವುದು ಕಿವಿಯ ಸ್ವಭಾವವಾದ್ದರಿಂದ ಶಿಷ್ಯನು ಮೊದಲು ಮಲ್ಟಿಮೀಟರ್ ಹಿಡಿದು ಎರಡರ ಮಟ್ಟವನ್ನೂ ಸಮನಾಗಿಸಿದ. ನಾನೂ ನನ್ನ ಮೊಮ್ಮಗಳೂ ಪರದೆಯ ಈಚೆ. ಅವನು ಆಚೆ ನಾಣ್ಯ ಚಿಮ್ಮಿ, ಬಿದ್ದಂತೆ ಬದಲಾಯಿಸುತ್ತಿದ್ದ. ಗಂಗೂಬಾಯಿ ಹಾನಗಲ್ಲರ ದನಿ, ಹಿಂದೆ ತಂಬೂರಿಯ ನಾದ. ಮೊದಲ ನಾಲ್ಕು ಬಾರಿಯೂ ಮೊಮ್ಮಗಳು ಸರಿಯಾಗಿ ಹೇಳಿದಳು. ನನಗೆ ಅಚ್ಚರಿ! ಕೇಳಿದರೆ, "ಅಜ್ಜ, ಹಾಡು ಶುರುವಾಗುವ ಮೊದಲು ನಿನ್ನದು ಗುಂಯ್ ಅನ್ನುತ್ತೆ" ಎಂದಳು. ನನ್ನ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ನನಗೆ ಅಭ್ಯಾಸವಾಗಿ ಕೇಳಿಸುವುದೇ ನಿಂತಿತ್ತು. ಹಾಡಿನ ನಡುವೆ ಮಾತ್ರ ಬದಲಾಯಿಸುವಂತೆ ನಿಯಮ ತಿದ್ದಿ ಮತ್ತೆ 12 ಬಾರಿ ಕೇಳಿದೆವು. ಅವಳದು ಆರು ಸರಿ, ನನ್ನದು ಏಳು. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಸಂಜೆ ಹೊಸ ಪಟ್ಟಿಯ ಪಕ್ಕ ನನ್ನ ಹಳೆಯ ರೇಡಿಯೊ ಇಟ್ಟು ಮೀಡಿಯಂ ವೇವ್ ತಿರುಗಿಸಿದಾಗ ಅಲ್ಲಲ್ಲಿ ಸಿಳ್ಳೆ ಕೇಳಿಸಿತು. 400 ಕಿಲೋಹರ್ಟ್ಸ್‌ನ ಎರಡರಷ್ಟು 800, ಮೂರರಷ್ಟು 1200. ಎರಡೂ ಆ ಪಟ್ಟಿಯೊಳಗೇ ಬೀಳುತ್ತವೆ. "ನೋಡು, ನಿನ್ನದೂ ಸುಮ್ಮನಿಲ್ಲ" ಎಂದೆ. ಅವನು ನಕ್ಕ.

ಆಗ ಕೇಳಿಯೇಬಿಟ್ಟೆ. "ಆ ದಿನ ತರಗತಿಯಲ್ಲಿ ನೀನು ಕೇಳಿದ ಪ್ರಶ್ನೆ ನೆನಪಿದೆಯೇನಪ್ಪಾ?"

"ನೆನಪಿದೆ ಸರ್. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಇಲ್ಲದಿದ್ದರೆ ಅಳು ಬಂದುಬಿಡುತ್ತಿತ್ತು."

"ನಾನು ತಪ್ಪು ಹೇಳಿದ್ದೆ."

"ತಪ್ಪೇನಿಲ್ಲ ಬಿಡಿ ಸರ್. ಆಗ ನಮ್ಮ ಕೈಗೆ ಸಿಗುತ್ತಿದ್ದ ಟ್ರಾನ್ಸಿಸ್ಟರುಗಳು ಅಷ್ಟು ವೇಗದವಲ್ಲ."

ಅವನ ಔದಾರ್ಯ ದೊಡ್ಡದು. ಆದರೆ "ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎನ್ನಲು ವೇಗದ ಟ್ರಾನ್ಸಿಸ್ಟರು ಬೇಕಿರಲಿಲ್ಲ. ಸೊನ್ನೆಯ ಗುಣಾಕಾರವನ್ನು ಕರಿಹಲಗೆಯ ಮೇಲೆ ಬರೆದವನು ನಾನು. ಅದನ್ನು ಕೊನೆಯವರೆಗೆ ನಂಬಿದವನು ಅವನು. ವೃತ್ತಿಜೀವನದಲ್ಲಿ ಹೀಗೆ ಇನ್ನೆಷ್ಟು ಮಕ್ಕಳನ್ನು ಕೂರಿಸಿದೆನೋ, ಅವರೆಲ್ಲ ಪಟ್ಟಿ ಹಿಡಿದು ಮನೆಗೆ ಬರುವುದಿಲ್ಲ.

ಅವನು ಆ ಪುಟ್ಟ ಪಟ್ಟಿಯನ್ನು ನನಗೇ ಬಿಟ್ಟುಹೋದ. ಈಗ ದಿನನಿತ್ಯದ ಸಂಗೀತಕ್ಕೆ ಅದೇ. ಕರೆಂಟು ಹೋದರೂ ಯುಪಿಎಸ್ಸಿನಲ್ಲಿ ಸಂಜೆಯಿಡೀ ಹಾಡುತ್ತದೆ. ಆದರೆ ಹಳೆಯದನ್ನು ಮಾರಿಲ್ಲ. ಅದರ ಕೆಪಾಸಿಟರುಗಳನ್ನು ಎರಡು ಬಾರಿ ನಾನೇ ಬದಲಿಸಿದ್ದೇನೆ. ಹೊಸದು ಕೆಟ್ಟರೆ ಅದರ ಸಾಸಿವೆ ಕಾಳಿನಂತಹ ಬಿಡಿಭಾಗಗಳಿಗೆ ನನ್ನ ಬೆಸುಗೆ ಕಡ್ಡಿಯೂ ನಿಲುಕದು, ಕಣ್ಣೂ ನಿಲುಕದು. ಸಂಗೀತದ ಮಟ್ಟಿಗೆ ಎರಡೂ ಸಮಸಮ ಎಂದು ಕಿವಿ ಒಪ್ಪಿಕೊಂಡಾಯಿತು.

ಬೆಕ್ಕು ಮಾತ್ರ ಇನ್ನೂ ಒಪ್ಪಿಲ್ಲ. ಮೊನ್ನೆ ಜಡಿಮಳೆ ಹಿಡಿದಾಗ ಹೊಸ ಪಟ್ಟಿಯನ್ನು ಒಮ್ಮೆ ಮೂಸಿ ನೋಡಿ, ಹಲಸಿನ ಪೆಟ್ಟಿಗೆಯ ಮೇಲೆ ಹತ್ತಿ ಕುಳಿತು ನನ್ನನ್ನೇ ದಿಟ್ಟಿಸಿತು. ಎದ್ದು ಹೋಗಿ ಅದರ ಸ್ವಿಚ್ ಹಾಕಿದೆ.