ಮಾರಿಯೋ ಎಷ್ಟು ಸಲ ಸತ್ತಿದ್ದ?

ಈ ಸೆಮಿಸ್ಟರ್ ಶುರುವಾಗಿ ಒಂಬತ್ತು ದಿನ ಆಗಿತ್ತು. ರಾತ್ರಿ ಮೆಸ್ಸಿನಿಂದ ರೂಮಿಗೆ ಬರುವಷ್ಟರಲ್ಲಿ ಅಜ್ಜಂಪುರದಿಂದ ಫೋನ್ ಬಂತು. ನಮ್ಮಲ್ಲೊಬ್ಬನ ಅಮ್ಮ. ಸ್ಪೀಕರ್ ಹಾಕಿದ್ವಿ.

"ಏನ್ರಪ್ಪಾ, ಇವನಿಗೆ ಏನು ಹೇಳಿಕೊಟ್ಟು ಹೋಗಿದೀರಾ? ಸ್ಕೂಲಿಂದ ಬಂದವನು ಆ ಹಳೇ ಕಂಪ್ಯೂಟರ್ ಮುಂದೆ ಕೂತರೆ ಊಟಕ್ಕೂ ಏಳಲ್ಲ. ಹೆಬ್ಬೆರಳು ಬೊಬ್ಬೆ ಬಂದಿದೆ. ಕೇಳಿದ್ರೆ, ಅಣ್ಣಂದಿರ ಥರ ಮಾಡೋವರೆಗೂ ಬಿಡಲ್ಲ ಅಂತಾನೆ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಯಾಕೆ ಅಂದ್ರೆ ಆ ಹುಡುಗ ಮಾಡೋಕೆ ಹೊರಟಿದ್ದನ್ನು ನಾವೇ ಮಾಡಿರಲಿಲ್ಲ.

ನಾವು ಅಂದ್ರೆ ಕಡೂರಿನವನೊಬ್ಬ, ತರೀಕೆರೆಯವನೊಬ್ಬ, ಅಜ್ಜಂಪುರದವನೊಬ್ಬ. ಮೂರೂ ಊರಿನ ರೈಲು ಹಳಿ ಸೇರೋದು ಬೀರೂರು ಜಂಕ್ಷನ್‌ನಲ್ಲಿ. ನಮ್ಮನ್ನು ಸೇರಿಸಿದ್ದು ಮಾತ್ರ ಹಾಸ್ಟೆಲ್ಲು, ಆಮೇಲೆ ಟ್ಯಾಸ್ ಹುಚ್ಚು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀವಿ. ಗೇಮನ್ನು ಆದಷ್ಟು ಬೇಗ ಮುಗಿಸೋದು ಸ್ಪೀಡ್‌ರನ್. ಅದನ್ನೇ ಎಮ್ಯುಲೇಟರ್‌ನಲ್ಲಿ, ಆಟವನ್ನು ನಿಲ್ಲಿಸಿ ನಿಲ್ಲಿಸಿ ಮಾಡಿದರೆ ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್, ಚಿಕ್ಕದಾಗಿ ಟ್ಯಾಸ್. ಹಳೇ ನಿಂಟೆಂಡೊ ಸೆಕೆಂಡಿಗೆ ಸುಮಾರು 60 ಫ್ರೇಮ್ ತೋರಿಸುತ್ತೆ. ಟ್ಯಾಸ್ ಮಾಡೋರು ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗಿ, ಆ ಫ್ರೇಮಲ್ಲಿ ಯಾವ ಬಟನ್ ಒತ್ತಬೇಕು ಅಂತ ತೀರ್ಮಾನಿಸ್ತಾರೆ. ಸರಿ ಬರಲಿಲ್ವಾ, ಸೇವ್ ಸ್ಟೇಟ್ ಲೋಡ್ ಮಾಡಿ ಹಿಂದಕ್ಕೆ ಹೋಗಿ ಮತ್ತೆ ಬರೀತಾರೆ. ಹಾಗೆ ಹಿಂದೆ ಹೋಗಿ ಬರೆದಿದ್ದಕ್ಕೆ ರೀರೆಕಾರ್ಡ್ ಅಂತ ಹೆಸರು. ಆಟಕ್ಕೆ ಕುಳಿತವನ ಕೈಚಳಕಕ್ಕೆ ಇಲ್ಲಿ ಬೆಲೆ ಇಲ್ಲ. ಆ ಗೇಮಿನ ಕೋಡ್ ಎಷ್ಟರ ಮಟ್ಟಿಗೆ ಅವಕಾಶ ಕೊಡುತ್ತೆ ಅನ್ನೋದೇ ಪ್ರಶ್ನೆ.

ಕೊನೆಗೆ ಸಿಗೋದು ವಿಡಿಯೋ ಅಲ್ಲ, ಬಟನ್‌ಗಳ ಪಟ್ಟಿ. ನಾವು ಬಳಸಿದ ಎಫ್‌ಸಿಇಯುಎಕ್ಸ್ ಎಮ್ಯುಲೇಟರ್‌ನಲ್ಲಿ ಅದು ಮಾಮೂಲಿ ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. ಒಂದು ಫ್ರೇಮಿಗೆ ಒಂದು ಸಾಲು, ಸಾಲಿನಲ್ಲಿ ಎಂಟು ಬಟನ್‌ಗೆ ಎಂಟು ಜಾಗ. ತಲೆಬರಹದಲ್ಲಿ ಯಾವ ಗೇಮು, ಮಾಡಿದವರು ಯಾರು, ರೀರೆಕಾರ್ಡ್ ಎಷ್ಟು ಅಂತ ಇರುತ್ತೆ. ಆ ಪಟ್ಟಿಯನ್ನು ಯಾರ ಕಂಪ್ಯೂಟರಿನಲ್ಲಿ ಓಡಿಸಿದರೂ ಅದೇ ಆಟ ಮತ್ತೆ ನಡೆಯುತ್ತೆ. ಗೇಮಿನಲ್ಲಿ ಅದೃಷ್ಟ ಅನ್ನೋದೂ ಲೆಕ್ಕವೇ. ಸೂಪರ್ ಮಾರಿಯೋ ಬ್ರದರ್ಸ್‌ನ ರ‍್ಯಾಂಡಮ್ ಸಂಖ್ಯೆಗಳು ಬರೋದು ಒಂದು ಲೀನಿಯರ್ ಫೀಡ್‌ಬ್ಯಾಕ್ ಶಿಫ್ಟ್ ರಿಜಿಸ್ಟರ್‌ನಿಂದ. ಇಸಿಯವರು ಪರೀಕ್ಷೆಗೆ ಬಾಯಿಪಾಠ ಮಾಡೋ ಅದೇ ರಿಜಿಸ್ಟರ್!

ರಜೆಯಲ್ಲಿ ನಾವು ಹಿಡಿದಿದ್ದು 1985ರ ಆ ಮಾರಿಯೋನ ಮೊದಲ ಹಂತ ಮಾತ್ರ. ಸುಮಾರು ಅರ್ಧ ನಿಮಿಷದ ಆಟ. ಅವರವರ ಊರಿನಲ್ಲಿ ಕೂತು ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿಕೊಳ್ತಿದ್ವಿ. ಕಡೂರಿನವನು ಕಳಿಸಿದ ಮೊದಲ ಫೈಲು ತರೀಕೆರೆಯಲ್ಲಿ ಓಡಿಸಿದರೆ ಮಾರಿಯೋ ಸೀದಾ ಹೋಗಿ ಮೊದಲನೇ ಗೂಂಬಾಗೆ ಡಿಕ್ಕಿ ಹೊಡೆದು ಸತ್ತ. ಟ್ಯಾಸ್‌ನವರು ಇದಕ್ಕೆ ಡಿಸಿಂಕ್ ಅಂತಾರೆ. ಅರ್ಧ ದಿನ ಬೈದಾಡಿದ ಮೇಲೆ ಗೊತ್ತಾಯ್ತು, ತರೀಕೆರೆಯವನ ಹತ್ತಿರ ಇದ್ದದ್ದು ಸೆಕೆಂಡಿಗೆ 50 ಫ್ರೇಮಿನ ಯುರೋಪಿನ ಆವೃತ್ತಿ.

ಇನ್ನೊಂದು ಪಾಠವನ್ನು ಬೀರೂರು ಜಂಕ್ಷನ್ ಇಲ್ಲದಿದ್ದರೆ ನಾವು ಅರ್ಥ ಮಾಡಿಕೊಳ್ತಿರಲಿಲ್ಲ. ಈ ಗೇಮು ಹಂತ ಮುಗೀತಾ ಅಂತ ನೋಡೋದು ಪ್ರತಿ 21 ಫ್ರೇಮಿಗೆ ಒಂದು ಸಲ. ಇದನ್ನು ಫ್ರೇಮ್‌ರೂಲ್ ಅಂತಾರೆ. ಅಜ್ಜಂಪುರದಿಂದ ಬೇಗ ಬಂದು ಬೀರೂರಿನಲ್ಲಿ ಇಳಿದರೂ, ತರೀಕೆರೆ ಕಡೆಯ ರೈಲು ಬರೋ ಹೊತ್ತಿಗೇ ಬರೋದು. ಮೊದಲೇ ಬಂದವರು ಬೆಂಚಿನ ಮೇಲೆ ಕೂತು ಟೀ ಕುಡೀಬೇಕು ಅಷ್ಟೇ. ನಾವು ಒಂದು ಇಡೀ ಸಂಜೆ ಕೂತು ಉಳಿಸಿದ ಆರು ಫ್ರೇಮು ಹಾಗೇ ಬೆಂಚಿನ ಮೇಲೆ ಕಳೆದುಹೋಯ್ತು.

ಕೊನೆಗೆ ಒಂದು ಉಪಾಯ ಸಿಕ್ತು. ಎಡ ಮತ್ತು ಬಲ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾರಿಯೋ ಬೇಗ ವೇಗ ಹಿಡೀತಾನೆ. ಕೈಯಲ್ಲಿ ಹಿಡಿಯೋ ಗೇಮ್‌ಪ್ಯಾಡಿನಲ್ಲಿ ಇದು ಆಗಲ್ಲ. ಅಡ್ಡ-ಉದ್ದದ ಆ ಒಂದೇ ಬಟನ್ನು ಎಡಕ್ಕೆ ಬಾಗಿದರೆ ಬಲಕ್ಕೆ ಏಳುತ್ತೆ. ಫೈಲಿನಲ್ಲಿ ಮಾತ್ರ ಎರಡೂ ಜಾಗ ತುಂಬಬಹುದು. ತುಂಬಿದ್ವಿ.

ರಜೆ ಮುಗಿಯೋ ಮೊದಲು ಅಜ್ಜಂಪುರದ ಮನೆಯಲ್ಲಿ ಸೇರಿ ಲ್ಯಾಪ್‌ಟಾಪನ್ನು ಟೀವಿಗೆ ಹಾಕಿದ್ವಿ. ಏಳನೇ ಕ್ಲಾಸಿನ ತಮ್ಮ ಬಂದು ಪಕ್ಕದಲ್ಲಿ ಕೂತ. ಆಗ ನಮಗೆ ಏನಾಯ್ತೋ ಗೊತ್ತಿಲ್ಲ. ಒಬ್ಬ ಗೇಮ್‌ಪ್ಯಾಡ್ ಹಿಡಿದು, ಫೈಲ್ ಓಡ್ತಿದ್ದ ಹಾಗೆ ಸುಮ್ಮನೆ ಬೆರಳು ಆಡಿಸ್ತಾ ಹೋದ. ಉಳಿದಿಬ್ಬರು "ಲೇ, ಸೂಪರ್!" ಅಂತ ಚಪ್ಪಾಳೆ ಹೊಡೆದ್ವಿ. ಹುಡುಗನ ಬಾಯಿ ತೆರೆದೇ ಇತ್ತು.

"ಹೆಂಗೆ ಮಾಡ್ದೆ ಅಣ್ಣಾ?"

"ಪ್ರಾಕ್ಟೀಸ್ ಮಾಡು, ಬರುತ್ತೆ."

ತಮಾಷೆ ಅಂತಲೇ ಅಂದುಕೊಂಡಿದ್ವಿ. ಆಮೇಲೆ ಫೋನ್ ಬಂತು.

ಆ ರಾತ್ರಿ ನಮಗೆ ನೆನಪಾಗಿದ್ದು 2003ರ ಒಂದು ಕಥೆ. ಜಪಾನಿನ ಮೊರಿಮೊಟೊ ಎಂಬವರು ಸೂಪರ್ ಮಾರಿಯೋ ಬ್ರದರ್ಸ್ 3 ಅನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿದ ವಿಡಿಯೋ ಜಗತ್ತೆಲ್ಲ ಹರಿದಾಡಿತು. ಅವರು ಅದನ್ನು ಹೇಗೆ ಮಾಡಿದ್ದು ಅಂತ ತಮ್ಮ ಭಾಷೆಯಲ್ಲಿ ವಿವರಿಸಿದ್ದರು. ಆದರೆ ವಿಡಿಯೋ ಪ್ರಯಾಣ ಮಾಡಿತು, ವಿವರಣೆ ಅಲ್ಲೇ ಉಳೀತು. ನೋಡಿದವರು ಇದು ಮನುಷ್ಯನ ಕೈ ಅಂತ ನಂಬಿದರು, ಗೊತ್ತಾದ ಮೇಲೆ ಮೋಸ ಅಂತ ಸಿಟ್ಟಾದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಫಿನ್‌ಲೆಂಡಿನ ಯೊಯೆಲ್ ಯ್ಲಿಲುಯೊಮಾ ಇಂಥ ಆಟಗಳಿಗೇ ಒಂದು ತಾಣ ಮಾಡಿದರು, ಅದು ಇವತ್ತಿನ ಟ್ಯಾಸ್‌ವಿಡಿಯೋಸ್. ಅಲ್ಲಿ ವಿಡಿಯೋ ತೋರಿಸಿದರೆ ಸಾಲದು. ಬಟನ್ ಫೈಲನ್ನೇ ಕೊಡಬೇಕು, ಪರೀಕ್ಷಿಸೋರು ಅದನ್ನು ತಮ್ಮಲ್ಲಿ ಓಡಿಸಿ ನೋಡ್ತಾರೆ. ಯಾವ ಉಪಾಯ ಯಾರಿಂದ ಬಂತು ಅಂತ ಬರೀಬೇಕು. ಇನ್ನೊಬ್ಬರ ಫೈಲಿನ ಮೇಲೆ ಕಟ್ಟಿದ್ದರೆ ಅವರ ಹೆಸರೂ ಇರಬೇಕು.

ಟೂಲ್ ಬಳಸೋದು ಅವರಿಗೆ ತಪ್ಪಲ್ಲ. ಮುಚ್ಚಿಡೋದು ತಪ್ಪು. 2014ರ ಜನವರಿಯಲ್ಲಿ ಅಮೆರಿಕದ ಒಂದು ಸ್ಪೀಡ್‌ರನ್ ಉತ್ಸವದಲ್ಲಿ ಟ್ಯಾಸ್‌ಬಾಟ್ ಅನ್ನೋ ರೋಬೋವನ್ನು ನಿಜವಾದ ಸೂಪರ್ ನಿಂಟೆಂಡೊದ ಕಂಟ್ರೋಲರ್ ಕಿಂಡಿಗೆ ಸಿಕ್ಕಿಸಿದರು. ಬರೀ ಬಟನ್ ಒತ್ತಿ ಒತ್ತಿಯೇ ಅದು ಸೂಪರ್ ಮಾರಿಯೋ ವರ್ಲ್ಡ್ ಒಳಗೆ ಹೊಸ ಕೋಡ್ ಬರೆದು, ಪಾಂಗ್ ಮತ್ತು ಸ್ನೇಕ್ ಆಟ ತಂದು ನಿಲ್ಲಿಸಿತು. ಆಡ್ತಿರೋದು ಯಂತ್ರ ಅಂತ ಎಲ್ಲರಿಗೂ ಕಾಣ್ತಿತ್ತು, ಆದರೂ ಕುಣಿದಾಡಿದರು.

ಇದರ ತದ್ವಿರುದ್ಧ ಕಥೆ ಡ್ರ್ಯಾಗ್‌ಸ್ಟರ್ ಅನ್ನೋ ಅಟಾರಿ ಗೇಮಿನದು. 1982ರಿಂದ ಅದರಲ್ಲಿ 5.51 ಸೆಕೆಂಡಿನ ದಾಖಲೆ ಒಂದಿತ್ತು. 2017ರಲ್ಲಿ ಗೇಮಿನ ಕೋಡನ್ನೇ ಬಿಚ್ಚಿ ಲೆಕ್ಕ ಹಾಕಿದರೆ, ಎಷ್ಟೇ ಪರಿಪೂರ್ಣವಾಗಿ ಒತ್ತಿದರೂ 5.57ಕ್ಕಿಂತ ಕಡಿಮೆ ಬರಲಿಲ್ಲ. 2018ರ ಜನವರಿಯಲ್ಲಿ ಟ್ವಿನ್ ಗ್ಯಾಲಕ್ಸೀಸ್ ಆ ದಾಖಲೆಯನ್ನು ತೆಗೆದುಹಾಕಿತು. ಅಷ್ಟು ವರ್ಷ ಆ ಅಂಕಿಯನ್ನು ಮುಟ್ಟೋಕೆ ಹೆಬ್ಬೆರಳು ಸವೆಸಿದವರು ಎಷ್ಟು ಜನ ಇದ್ದರೋ. ನಮಗೆ ಗೊತ್ತಿದ್ದದ್ದು ಅಜ್ಜಂಪುರದ ಒಬ್ಬ ಹುಡುಗ.

ಶನಿವಾರ ಮೂವರೂ ರೈಲು ಹತ್ತಿದ್ವಿ. ದಾರಿಯುದ್ದಕ್ಕೂ ಹೇಗೆ ಹೇಳೋದು ಅಂತ ಚರ್ಚೆ. ಮನೆಗೆ ಹೋದರೆ ಹುಡುಗ ಹೆಬ್ಬೆರಳಿಗೆ ಬ್ಯಾಂಡೇಡ್ ಸುತ್ತಿಕೊಂಡು ಆಡ್ತಿದ್ದ. ನಿಜ ಹೇಳ್ಬೇಕು ಅಂದ್ರೆ ಚೆನ್ನಾಗೇ ಆಡ್ತಿದ್ದ. ನಮ್ಮಲ್ಲಿ ಯಾರಿಗೂ ಕೈಯಲ್ಲಿ ಅಷ್ಟು ಬರಲ್ಲ. ಬಾವುಟದ ಕಂಬ ಮುಟ್ಟಿದಾಗ ಮೂಲೆಯ ಟೈಮ್ ನೋಡಿ, "ಇನ್ನೂ ನಿಮ್ಮಷ್ಟು ಆಗಿಲ್ಲ ಅಣ್ಣಾ" ಅಂದ.

ಫೈಲ್ ತೆರೆದು ತೋರಿಸಿದ್ವಿ. ಎಡ, ಬಲ ಎರಡೂ ತುಂಬಿದ ಸಾಲುಗಳನ್ನು ತೋರಿಸಿದ್ವಿ. ಅವನು ಗೇಮ್‌ಪ್ಯಾಡ್ ತಗೊಂಡು ಎರಡೂ ಕಡೆ ಒತ್ತಿ ನೋಡಿದ. ಆಗಲಿಲ್ಲ. ಸುಮ್ಮನೆ ಎದ್ದು ಹೊರಗೆ ಹೋದ. ಅವತ್ತು ಸಂಜೆವರೆಗೂ ನಮ್ಮ ಹತ್ತಿರ ಮಾತಾಡಲಿಲ್ಲ. ಅಮ್ಮ ಮಂಡಕ್ಕಿ ಮಾಡಿ ಕೊಟ್ಟರು, ನಮಗೆ ಗಂಟಲಲ್ಲಿ ಇಳೀಲಿಲ್ಲ.

ರಾತ್ರಿ ಊಟ ಆದ ಮೇಲೆ ಅವನೇ ಬಂದು ಕೇಳಿದ. "ಮಾರಿಯೋ ಎಷ್ಟು ಸಲ ಸತ್ತಿದ್ದ?"

ತಲೆಬರಹದಲ್ಲಿ 1,846 ರೀರೆಕಾರ್ಡ್ ಅಂತ ಇತ್ತು. ಎಲ್ಲಾ ಸಾವಲ್ಲ, ಮುಕ್ಕಾಲು ಪಾಲು ಬರೀ ತಡವಾಗಿದ್ದು ಅಂತ ವಿವರಿಸಿದ್ವಿ. "ಇದನ್ನೇ ಮೊದಲು ಹೇಳಿದ್ರೆ ಆಗ್ತಿರಲಿಲ್ವಾ? ಇದೇ ಚೆನ್ನಾಗಿದೆ" ಅಂದ.

ವಾಪಸ್ ಬಂದ ಮೇಲೆ ನಮ್ಮ ಲ್ಯಾಬ್ ರೆಕಾರ್ಡ್ ತೆಗೆದು ನೋಡಿದ್ವಿ. ಎಷ್ಟು ಚೆಂದದ ಗ್ರಾಫುಗಳು! ಮೊದಲು ಗೆರೆ ಎಳೆದು ಆಮೇಲೆ ಅದಕ್ಕೆ ತಕ್ಕ ರೀಡಿಂಗ್ ಬರೆದದ್ದು ಎಷ್ಟೋ. ಸುಟ್ಟುಹೋದ ಐಸಿ, ಉಲ್ಟಾ ಹಾಕಿದ ಡಯೋಡು, ಪಕ್ಕದ ಬ್ಯಾಚಿನಿಂದ ತಂದ ಅಂಕಿ, ಯಾವುದೂ ಅದರಲ್ಲಿಲ್ಲ. ಅರ್ಧ ನಿಮಿಷದ ಗೇಮ್ ಫೈಲು ತನ್ನ 1,846 ಎಡವಟ್ಟನ್ನು ತಲೆಯ ಮೇಲೇ ಹೊತ್ತಿದೆ. ನಮ್ಮ ರೆಕಾರ್ಡಿನ ಪ್ರಕಾರ ನಾವು ಒಂದು ಸಲವೂ ಎಡವಿಲ್ಲ. ನಮ್ಮ ಜೂನಿಯರ್‌ಗಳು ಅದನ್ನೇ ನೋಡಿ ತಮ್ಮ ಸರ್ಕ್ಯೂಟ್ ಯಾಕೆ ಹೀಗೆ ಬರ್ತಿಲ್ಲ ಅಂತ ತಲೆ ಕೆಡಿಸಿಕೊಂಡಿರಬಹುದು. ಮುಂದಿನ ಪ್ರಯೋಗಕ್ಕೆ ಬಂದ ರೀಡಿಂಗನ್ನೇ ಬರೆದ್ವಿ, ಯಾಕೆ ಸೊಟ್ಟ ಬಂತು ಅಂತಲೂ ಎರಡು ಸಾಲು ಸೇರಿಸಿದ್ವಿ. ಮೂರು ಅಂಕ ಹೋಯ್ತು. ಹೊಟ್ಟೆ ಉರೀತು, ಸುಳ್ಳು ಹೇಳಲ್ಲ.

ಹೋದ ವಾರ ಅಜ್ಜಂಪುರದಿಂದ ವಾಟ್ಸಾಪ್‌ನಲ್ಲಿ ಒಂದು ಫೈಲ್ ಬಂತು. ಎರಡನೇ ಪೈಪಿನ ಹತ್ತಿರ ನಾವು ಸುಮ್ಮನೆ ಎತ್ತರಕ್ಕೆ ಹಾರ್ತಿದ್ವಂತೆ, ಅಲ್ಲಿ ಹುಡುಗ ನಾಲ್ಕು ಫ್ರೇಮ್ ಉಳಿಸಿದ್ದಾನೆ. ಫ್ರೇಮ್‌ರೂಲ್ ದಾಟೋಕೆ ಅದು ಸಾಲದು, ಬೀರೂರಿನಲ್ಲಿ ಕಾಯೋದು ಇದ್ದೇ ಇದೆ. ರೀರೆಕಾರ್ಡ್ 2,130 ಆಗಿದೆ. ಮಾಡಿದವರ ಸಾಲಿನಲ್ಲಿ ನಮ್ಮ ಮೂರು ಹೆಸರು ಹಾಗೇ ಬಿಟ್ಟು, ಕೊನೆಗೆ ತನ್ನದೂ ಸೇರಿಸಿದ್ದಾನೆ.