ಅನಿಸಪಂಡಿಯ ಕಲ್ಲುಗಿರಣಿ

ಕಲ್ಲಿನ ಸ್ಲೇಟಿನ ಮೇಲೆ ಬಳಪದಿಂದ ಅಕ್ಷರ ತಿದ್ದಿ ಬೆಳೆದವರು ನಮ್ಮ ಹಿರಿಯರು. ಆ ಕಪ್ಪು ಹಲಗೆಯು ಭೂಗರ್ಭದ ಒತ್ತಡದಿಂದ ಗಟ್ಟಿಯಾಗಿ, ತೆಳುವಾದ ಪದರಗಳಾಗಿ ಸೀಳಬಲ್ಲ ಶಿಲೆಯೆಂದು ನಾವು ಪಾಠದಲ್ಲಿ ಹೇಳುವುದುಂಟು. ಇಂಥ ಶಿಲೆಯನ್ನು ಅಗೆದು ದೇಶದೇಶಗಳಿಗೆ ಕಳುಹಿಸಿದ ನಾಡುಗಳಲ್ಲಿ ಬ್ರಿಟನ್ನಿನ ಪಶ್ಚಿಮದ ವೇಲ್ಸ್ ಪ್ರಮುಖವಾದುದು. ಅದರ ವಾಯವ್ಯ ಭಾಗದ ಸ್ಲೇಟು ಪ್ರದೇಶಗಳು 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿನ ಒಂದು ಹಾಳುಕಟ್ಟಡ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದಿದೆ. ಅದೇ ಅನಿಸಪಂಡಿಯ ಗಿರಣಿ.

ಅದರ ಚಿತ್ರವನ್ನು ಐದನೆಯ ತರಗತಿಯಲ್ಲಿ ತೋರಿಸಿದೆವು. "ಇದು ಯಾವ ಊರಿನ ಇಗರ್ಜಿ, ಮಾಷ್ಟ್ರೇ?" ಎಂದು ಮಕ್ಕಳು ಕೇಳಿದರು. ಈ ಪ್ರಶ್ನೆ ಸಹಜವೇ. ಜನವಸತಿ ವಿರಳವಾದ ಬೆಟ್ಟದ ಮಗ್ಗುಲಲ್ಲಿ ಮೂರು ಅಂತಸ್ತಿನ ಎತ್ತರದ ಕಲ್ಲುಗೋಡೆಗಳು. ಅವುಗಳಲ್ಲಿ ಸಾಲುಸಾಲಾಗಿ ಕಮಾನಿನ ಕಿಟಕಿಗಳು. ಮೇಲೆ ಸೂರಿಲ್ಲ, ಬರಿಯ ಆಕಾಶ. ನೋಡಿದವರು ಪಾಳುಬಿದ್ದ ಮಠಕ್ಕೆ ಇದನ್ನು ಹೋಲಿಸುತ್ತಾರೆ. ಆದರೆ 1856–57ರಲ್ಲಿ ಇದನ್ನು ಕಟ್ಟಿದ್ದು ಪೂಜೆಗಲ್ಲ, ಗರಗಸಗಳಿಗೆ.

ಗೊರ್ಸೆದೈ ಎಂಬ ಗಣಿಯಿಂದ ಬಂದ ದೊಡ್ಡ ದೊಡ್ಡ ಸ್ಲೇಟುಬಂಡೆಗಳನ್ನು ಇಲ್ಲಿ ಕೊಯ್ದು ನಯಗೊಳಿಸುತ್ತಿದ್ದರು. ಮಾಡಿನ ತೆಳುಹಂಚುಗಳನ್ನು ಉಳಿಯಿಂದ ಕೈಯಲ್ಲೇ ಸೀಳಬಹುದು. ನೆಲಕ್ಕೆ ಹಾಸುವ ಚಪ್ಪಡಿ, ಹಾಲುಮನೆಯ ಹಲಗೆ, ನೀರಿನ ತೊಟ್ಟಿ ಮೊದಲಾದವುಗಳಿಗೆ ಯಂತ್ರಬಲ ಬೇಕು. ಆ ಬಲವನ್ನು ಕೊಟ್ಟದ್ದು ನೀರು. ಕಾಲುವೆಯಲ್ಲಿ ಬಂದ ನೀರು ಮೇಲಿನಿಂದ ಧುಮುಕಿ, ಸುಮಾರು 26 ಅಡಿ ವ್ಯಾಸದ ಚಕ್ರವೊಂದನ್ನು ಕಟ್ಟಡದ ಒಳಗೇ ತಿರುಗಿಸುತ್ತಿತ್ತು.

ಕಟ್ಟಿದವರ ಜಾಣ್ಮೆ ನೆಲದ ಇಳಿಜಾರನ್ನು ಬಳಸಿಕೊಂಡ ಬಗೆಯಲ್ಲಿ ಕಾಣುತ್ತದೆ. ಗುಡ್ಡಕ್ಕೆ ಒತ್ತಿ ಕಟ್ಟಿದ್ದರಿಂದ ಕಂಬಿಯ ಮೇಲಿನ ಬಂಡಿಗಳು ಬೇರೆ ಬೇರೆ ಅಂತಸ್ತುಗಳಿಗೆ ನೇರವಾಗಿ ಪ್ರವೇಶಿಸಬಹುದಾಗಿತ್ತು. ಟನ್ನುಗಟ್ಟಲೆ ತೂಗುವ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಎತ್ತುವ ಕಷ್ಟ ತಪ್ಪಿತು. ದೊಡ್ಡ ಕಿಟಕಿಗಳಿಂದ ಒಳಗಿನ ಕೆಲಸಗಾರನಿಗೆ ಬೆಳಕು ದೊರೆಯಿತು. ಅಂದವೆಂದು ನಮಗೆ ತೋರುವುದೆಲ್ಲ ಅಲ್ಲಿ ಉಪಯೋಗದಿಂದಲೇ ಹುಟ್ಟಿದೆ.

ಇಷ್ಟಾದರೂ ಉದ್ಯಮ ಉಳಿಯಲಿಲ್ಲ. ಗಣಿಯಿಂದ ಪೋರ್ತ್‌ಮಾಡೊಗ್ ಬಂದರಿಗೆ ಕಂಬಿದಾರಿ ಹಾಕಿದರು. ಕೆಲಸಗಾರರಿಗೆ ಸಾಲುಮನೆಗಳನ್ನು ಕಟ್ಟಿದರು. ಹಣವನ್ನು ಧಾರಾಳವಾಗಿ ಸುರಿದರು. ಆದರೆ ಬೆಟ್ಟದ ಕಲ್ಲೇ ಕಳಪೆ. 1860ರಲ್ಲಿ ಸುಮಾರು 2000 ಟನ್ನಿದ್ದ ಉತ್ಪತ್ತಿ 1867ರ ಹೊತ್ತಿಗೆ 25 ಟನ್ನಿಗೆ ಇಳಿಯಿತು. 1871ರಲ್ಲಿ ಕಂಪೆನಿ ಮುಚ್ಚಿತು. ಗರಗಸ ಕೆಟ್ಟದ್ದಲ್ಲ, ಗೋಡೆ ಬಿರಿದದ್ದಲ್ಲ, ಆಳು ಸೋಮಾರಿಯಾದದ್ದಲ್ಲ. ಕೊಯ್ಯಲು ಯೋಗ್ಯವಾದ ಕಲ್ಲೇ ಬರಲಿಲ್ಲ.

"ಹಾಗಾದರೆ ಇಷ್ಟು ಚೆಂದವಾಗಿ ಕಟ್ಟಿದ್ದು ದಂಡವೇ?" ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಉತ್ತರಕ್ಕಾಗಿ ನಾವು ಕತೆಯ ಉಳಿದ ಭಾಗವನ್ನು ಹೇಳಬೇಕಾಯಿತು.

1847ರಲ್ಲಿ ಸರಕಾರದ ಪರವಾಗಿ ವೇಲ್ಸಿನ ಶಾಲೆಗಳನ್ನು ಪರಿಶೀಲಿಸಿದ ಅಧಿಕಾರಿಗಳು, ವೆಲ್ಷ್ ಭಾಷೆಯು ಆ ಜನರ ಏಳಿಗೆಗೆ ಅಡ್ಡಿಯೆಂದು ವರದಿ ಬರೆದಿದ್ದರು. ಅದಾಗಿ ಒಂಬತ್ತು ವರುಷಗಳಿಗೆ ಕಟ್ಟತೊಡಗಿದ ಈ ಗಿರಣಿಯಲ್ಲಿ, ಯಂತ್ರಗಳ ಸದ್ದು ಅಡಗಿದ ಮೇಲೆ, ಅದೇ ಭಾಷೆಯ ದನಿ ಎದ್ದಿತು. ಸುತ್ತಲಿನ ಜನರು ಇಲ್ಲಿ ಐಸ್ತೆದ್‌ವೊದ್ ನಡೆಸಿದರು. ಐಸ್ತೆದ್‌ವೊದ್ ಎಂದರೆ ಕವಿತೆ, ಹಾಡು, ವಾಚನಗಳ ಸ್ಪರ್ಧೆ ನಡೆಯುವ ವೆಲ್ಷ್ ಜನರ ಸಮ್ಮೇಳನ. ಉತ್ತಮ ಕವಿಗೆ ಪೀಠವೊಂದನ್ನು ಬಹುಮಾನವಾಗಿ ಕೊಡುವುದು ಅದರ ಪ್ರಸಿದ್ಧ ಸಂಪ್ರದಾಯ. 1888ರ ವರೆಗೂ ಇಂಥ ಕೂಟಗಳು ಈ ಕಟ್ಟಡದಲ್ಲಿ ಜರುಗಿದುವು. ಲಾಭಕ್ಕಾಗಿ ಎಬ್ಬಿಸಿದ ಮನೆ, ಲಾಭ ಕೈಬಿಟ್ಟ ಬಳಿಕ ನುಡಿಗೆ ಆಸರೆಯಾಯಿತು.

ಸುಮಾರು 1906ರಲ್ಲಿ ಸೂರನ್ನು ಕಳಚಿದರು. 1981ರ ಸುಮಾರಿಗೆ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನದವರು ಉಳಿದ ಗೋಡೆಗಳನ್ನು ಭದ್ರಪಡಿಸಿದರು. ಇಂದು ಅಲ್ಲಿ ಗೋಡೆಗಳಿವೆ, ಹಾಡುವವರಿಲ್ಲ. ಆದರೆ ಆ ಭಾಷೆ ಅಳಿದಿಲ್ಲ. ಆ ಸೀಮೆಯ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಅದು ಇಂದಿಗೂ ಜೀವಂತವಾಗಿದೆ.

ಗಡಿನಾಡಿನಲ್ಲಿ ಕನ್ನಡ ಕಲಿಸುವ ನಮಗೆ ಈ ಕತೆ ದೂರದ್ದೆನಿಸುವುದಿಲ್ಲ. ಮುರಕಲ್ಲಿನ ಗೋಡೆಯ ನಮ್ಮ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯನ್ನು ವರುಷ ವರುಷವೂ ಆತಂಕದಿಂದ ಎಣಿಸುತ್ತೇವೆ. ಕಟ್ಟಡ ನಿಂತರೆ ಭಾಷೆ ನಿಂತೀತೆಂದು ನಂಬಿ ಕುಳಿತರೆ ಸಾಲದು. ಹಾಗೆಂದು ಕಟ್ಟುವುದು ವ್ಯರ್ಥವೂ ಅಲ್ಲ; ಚೆನ್ನಾಗಿ ಕಟ್ಟಿದ ಮನೆ ಮುಂದೆ ಯಾರ ದನಿಗೆ ನೆರಳಾಗುವುದೋ ಕಟ್ಟಿದವನು ಅರಿಯ. ಹುಡುಗಿಗೆ ನಾವು ಇಷ್ಟೇ ಹೇಳಿದೆವು: "ದಂಡವಲ್ಲ ಮಗೂ, ಒಳಗೆ ಸೇರುವ ಜನರಿರುವ ತನಕ."