ಮೂರು ಊರು, ಅರವತ್ತನಾಲ್ಕು ಮನೆ

ಗುಜರಾತಿನಲ್ಲಿ ನೆಲೆಸಿರುವ ನಮ್ಮಂಥವರಿಗೆ ಅಹಮದಾಬಾದ್, ವಡೋದರಾ, ಸೂರತ್ ಎಂದರೆ ನೆಂಟರಿಷ್ಟರ ಊರುಗಳು. ಮದುವೆ ಮುಂಜಿಗೆಂದು ಹೋಗಿಬರುವ ದಾರಿ. ಈ ಸಲ ಅದೇ ದಾರಿಯಲ್ಲಿ ನಾವು ಚದುರಂಗಕ್ಕಾಗಿ ಹೊರಟೆವು. ಎಂಟನೆಯ ತರಗತಿಯ ನಮ್ಮ ಹುಡುಗನಿಗೆ ಸೂರತ್ತಿನಲ್ಲಿ ಮೊದಲ ಪಂದ್ಯಾವಳಿ. ಮೊದಲ ಆಟ ಸೋತರೆ ಮಣೆಯನ್ನು ಅಟ್ಟಕ್ಕೆ ಹಾಕಿಬಿಡುವುದಾಗಿ ಆತ ಆಗಲೇ ಸಾರಿದ್ದನು. ನಮ್ಮ ಚಿಂತೆಯೆಲ್ಲ ಅದೇ.

ಆಟ ಕಲಿಸಿದವರು ಮೈಸೂರಿನ ಅಜ್ಜ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ೬೪ ಮನೆಗಳಲ್ಲಿಯೂ ಓಡಿಸುವ ಬಂಧಗಳನ್ನು ರಚಿಸಿದರೆಂಬುದು ಅವರ ಹೆಮ್ಮೆ. ಅವರದು ಹಳೆಯ ದೇಶೀ ಪದ್ಧತಿ: ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯಬೇಕು, ರಾಜ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯಬಹುದು, ಕೋಟೆ ಕಟ್ಟುವ ನಡೆಯೇ ಇಲ್ಲ. ಪಂದ್ಯದ ನಿಯಮಗಳು ಬೇರೆಯಾದ್ದರಿಂದ ಮೊಮ್ಮಗನಿಗಾಗಿ ಅಜ್ಜನೂ ಹೊಸದಾಗಿ ಕಲಿತರು. ಆದರೆ ಕಾಯಿ ಮುಟ್ಟಿ, ಯೋಚಿಸಿ, ಹಿಂದಕ್ಕಿಡುವ ಮನೆಯಾಟದ ಚಾಳಿ ಇಬ್ಬರನ್ನೂ ಬಿಡಲಿಲ್ಲ.

ನಮ್ಮ ಅಹಮದಾಬಾದಿಗೆ ಈ ಆಟ ಹೊಸದಲ್ಲ. ಗುಜರಾತಿನ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜಸ್ ಬಾಕ್ರೆ ಇಲ್ಲಿಯವರು. ೨೦೧೦ರ ಡಿಸೆಂಬರ್ ೨೪ರಂದು ಇಲ್ಲಿನ ವಿಶ್ವವಿದ್ಯಾಲಯದ ಮೈದಾನದಲ್ಲಿ ೨೦,೦೦೦ಕ್ಕೂ ಹೆಚ್ಚು ಮಂದಿ ಏಕಕಾಲಕ್ಕೆ ಆಡಿ ವಿಶ್ವದಾಖಲೆ ಮಾಡಿದರು. ನೆರೆಮನೆಯ ಗುಜರಾತಿ ಹುಡುಗನೇ ನಮ್ಮವನ ಜೊತೆಗಾರನಾದ. ನಮ್ಮ ಆನೆ ಅವನಿಗೆ ಹಾಥಿ, ನಮ್ಮ ಒಂಟೆ ಅವನಿಗೆ ಊಂಟ್. ಜಗಳಕ್ಕೆ ಭಾಷೆ ಅಡ್ಡಿಯಾಗಲಿಲ್ಲ. ಒಂದು ತಿಂಗಳು ದಿನವೂ ಗಡಿಯಾರವಿಟ್ಟು ಆಡುವುದು, ಪ್ರತಿ ನಡೆಯನ್ನೂ ಬರೆದಿಡುವುದು, ಒಂಟಿ ಆನೆಯ ಸಹಾಯದಿಂದ ಎದುರಾಳಿಯ ರಾಜನನ್ನು ಕಟ್ಟುವುದು, ಇಷ್ಟೇ ಅಭ್ಯಾಸ.

ರೈಲು ಆನಂದ್ ನಿಲ್ದಾಣದಲ್ಲಿ ನಿಂತಾಗ ನಮಗೆ ಅಮೂಲ್ ಹಾಲಿನ ನೆನಪು. ಹುಡುಗನಿಗೆ ವಿಶ್ವನಾಥನ್ ಆನಂದರ ನೆನಪು. ಕಿಟಕಿಯಿಂದಲೇ ಊರಿಗೆ ಕೈಮುಗಿದನು! ಮಹೀ ನದಿ ದಾಟಿ ವಡೋದರಾ ಸೇರಿ, ಒಂದು ರಾತ್ರಿ ನೆಂಟರ ಮನೆಯಲ್ಲಿ ಉಳಿದೆವು. ಸಂಜೆ ಸಯಾಜಿ ಬಾಗ್‌ಗೆ ಹೋದೆವು. ಮಹಾರಾಜ ಸಯಾಜಿರಾವ್ ಗಾಯಕವಾಡರು ೧೮೭೯ರಲ್ಲಿ ಮಾಡಿಸಿದ ವಿಶಾಲವಾದ ತೋಟವಿದು. ಮರದಡಿಯ ಬೆಂಚಿನ ಮೇಲೆ ಮಣೆ ಹಾಸಿದಾಗ, ಆಗಲೇ ನಾಲ್ಕು ಪಂದ್ಯಾವಳಿ ಕಂಡಿದ್ದ ನೆಂಟರ ಮಗಳು ಇವನಿಗೆ ಧೈರ್ಯ ಹೇಳಿದಳು:

“ಸೋತವರನ್ನು ಮನೆಗೆ ಕಳಿಸೋದಿಲ್ಲ ಕಣೋ. ಮುಂದಿನ ಸುತ್ತಿನಲ್ಲಿ ನಿನ್ನಷ್ಟೇ ಅಂಕ ಇರೋರ ಜೊತೆ ಕೂರಿಸ್ತಾರೆ.”

“ಹಾಗಾದರೆ ಎಷ್ಟು ಸಲ ಸೋಲಬಹುದು ಅಕ್ಕಾ?”

“ಎಲ್ಲಾ ಸುತ್ತೂ ಸೋಲಬಹುದು. ನಾನು ಸೋತಿದ್ದೀನಿ.”

ಸ್ವಿಸ್ ಪದ್ಧತಿ ಎಂಬ ಈ ಏರ್ಪಾಡನ್ನು ಅವಳಷ್ಟು ಸ್ಪಷ್ಟವಾಗಿ ನಮಗೆ ಯಾರೂ ತಿಳಿಸಿರಲಿಲ್ಲ.

ಮರುದಿನ ಭರೂಚಿನ ಬಳಿ ನರ್ಮದೆಯನ್ನೂ ಮುಂದೆ ತಾಪಿಯನ್ನೂ ದಾಟಿ ಸೂರತ್ ಸೇರಿದೆವು. ಪರಿಚಿತರೊಬ್ಬರು ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಯನ್ನು ತೋರಿಸಿದರು. ದುಂಡು ವಜ್ರಕ್ಕೆ ೫೭ ಅಥವಾ ೫೮ ಮುಖಗಳು. ಕೆಲಸಗಾರನು ಕಲ್ಲನ್ನು ಚಕ್ರಕ್ಕೆ ತಾಗಿಸುವನು, ಎತ್ತಿ ಮಸೂರದಲ್ಲಿ ನೋಡುವನು, ಮತ್ತೆ ತಾಗಿಸುವನು. ಹೆಚ್ಚು ಸವೆಸಿದರೆ ಕಲ್ಲು ಮರಳಿ ಬಾರದು. ಅಜ್ಜ ಬಹಳ ಹೊತ್ತು ನೋಡುತ್ತ ನಿಂತಿದ್ದು, “ನೋಡಿದೆಯಾ ಮಗು, ಮೊದಲು ಕಣ್ಣು, ಆಮೇಲೆ ಕೈ” ಎಂದರು.

ಪಂದ್ಯದ ದಿನ ಹೆತ್ತವರಿಗೆ ಒಳಗೆ ಪ್ರವೇಶವಿಲ್ಲ. ಆಟಗಾರರು ಮೊಬೈಲ್ ಒಯ್ಯುವಂತಿಲ್ಲ. ಮೊದಲ ಸುತ್ತಿನಲ್ಲಿ ನಮ್ಮವನು ಸೋತ. ಕೆಂಪಾದ ಕಣ್ಣು, ಕೈಯಲ್ಲಿ ಇಬ್ಬರೂ ಸಹಿ ಮಾಡಿದ ನಡೆಗಳ ಹಾಳೆ. ನಾವು ಏನೂ ಕೇಳದೆ ಬಿಸಿ ಲೋಚೋ ಕೊಡಿಸಿದೆವು. ಅಜ್ಜ ಹಾಳೆ ಬಿಡಿಸಿ, ಸಣ್ಣ ಮಣೆಯ ಮೇಲೆ ಆಟವನ್ನು ಮತ್ತೆ ನಡೆಸಿದರು. ಹದಿನೇಳನೆಯ ನಡೆಗೆ ಬಂದಾಗ ಹುಡುಗನೇ, “ಇಲ್ಲಿ ಕುದುರೆ ಹೋಯಿತು ಅಜ್ಜ” ಎಂದು ಬೆರಳಿಟ್ಟು ತೋರಿಸಿದ. ಕರೆ ಬಂದಾಗ ಲೋಚೋ ಅರ್ಧಕ್ಕೆ ಬಿಟ್ಟು ಒಳಗೆ ಓಡಿದ. ಐದು ಸುತ್ತು ಮುಗಿದಾಗ ಎರಡೂವರೆ ಅಂಕ ಬಂದಿತ್ತು. ಬಹುಮಾನ ಬರಲಿಲ್ಲ, ಮಣೆಯೂ ಅಟ್ಟ ಸೇರಲಿಲ್ಲ.

ಮಕ್ಕಳನ್ನು ಮೊದಲ ಪಂದ್ಯಕ್ಕೆ ಕರೆದೊಯ್ಯುವ ಬಂಧುಗಳಿಗೆ ಒಂದು ಮಾತು. ಪುಸ್ತಕದ ಆರಂಭದ ನಡೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮುಂಚೆ, ಮುಟ್ಟಿದ ಕಾಯಿಯನ್ನೇ ನಡೆಸುವುದನ್ನೂ, ನಡೆಗಳನ್ನು ತಪ್ಪಿಲ್ಲದೆ ಬರೆಯುವುದನ್ನೂ, ಸೋತ ಮೇಲೆ ಎದುರಾಳಿಯ ಕೈ ಕುಲುಕುವುದನ್ನೂ ಮನೆಯಲ್ಲಿ ಅಭ್ಯಾಸ ಮಾಡಿಸಿರಿ. ಬುತ್ತಿಯನ್ನು ಮಾತ್ರ ಮರೆಯಬೇಡಿರಿ; ಸುತ್ತುಗಳ ನಡುವೆ ಹಸಿವು ವಿಪರೀತ!